ಗಣಕಯಂತ್ರಕ್ಕೊಂದು ವಾರ್ತಿಕ

ತಪ್ಪು ತಿದ್ದುವದೇ ನನ್ನ ಜೀವಮಾನದ ಕಸುಬು. ಮೂವತ್ತಮೂರು ವರುಷ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, ಈಗ ನಿವೃತ್ತನಾಗಿ, ಇಂಗಳೇಶ್ವರದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೇನೆ. ಕೆಂಪು ಮಸಿಯ ಲೇಖಣಿಯನ್ನು ಶಾಲೆಯಲ್ಲಿಯೇ ಬಿಟ್ಟು ಬಂದೆನಾದರೂ ಅದರ ಚಟವು ನನ್ನ ಸಂಗಡ ಮನೆಗೆ ಬಂದಿದೆ. ಲಗ್ನಪತ್ರಿಕೆ ಕೈಗೆ ಬಂದರೆ ಮುಹೂರ್ತವನ್ನು ನೋಡುವ ಮೊದಲು ಕಾಗುಣಿತವನ್ನು ನೋಡುತ್ತೇನೆ. ‘ಆಶೀರ್ವಾದ’ದಲ್ಲಿ ಒಂದು ದೀರ್ಘವು ತಪ್ಪಿದ್ದರೆ ಆ ಮದುವೆಯ ಹುಗ್ಗಿಯೂ ನನಗೆ ಅಷ್ಟಾಗಿ ರುಚಿಸದು.

ಇಂಥವನು 2025ನೆಯ ಇಸವಿಯ ಗಣಪತಿಯ ಚೌತಿ ಕಳೆದ ಮೇಲೆ ಒಂದು ದಿನ ಮುಂಜಾನೆ ತನ್ನ ಗಣಕಯಂತ್ರವನ್ನು ತೆರೆದನು. ಪರದೆಯ ಮೇಲೆ ಒಂದು ನೋಟೀಸು. ಈ ಯಂತ್ರವನ್ನು ನಡೆಸುವ ವಿಂಡೋಸ್ 10 ಎಂಬ ವ್ಯವಸ್ಥೆಗೆ ಅಕ್ಟೋಬರ್ 14ನೆಯ ತಾರೀಖಿನ ತರುವಾಯ ದುರಸ್ತಿಯು ದೊರೆಯಲಾರದೆಂದೂ, ಆದಷ್ಟು ಬೇಗ ಹೊಸದಕ್ಕೆ ಏರಿಕೊಳ್ಳಬೇಕೆಂದೂ ಅದರ ತಾತ್ಪರ್ಯ. ವಾಚಕರಲ್ಲಿ ಅನೇಕರು ಆ ದಿನಗಳಲ್ಲಿ ಇದೇ ನೋಟೀಸನ್ನು ಓದಿರಬಹುದು.

ಕಾರ್ಯಾಚರಣ ವ್ಯವಸ್ಥೆಯೆಂದರೇನೆಂದು ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದಾಗ ನಾನು ಹೇಳಿದ್ದು ಇಷ್ಟು: ಮನೆಗೆ ಯಜಮಾನಿತಿ ಹೇಗೋ ಗಣಕಯಂತ್ರಕ್ಕೆ ಅದು ಹಾಗೆ. ಬಂದ ಅತಿಥಿಗಳು ಆಕೆಯ ಮೋರೆಯನ್ನು ನೋಡಲಿಕ್ಕಿಲ್ಲ. ಆದರೆ ಯಾವ ಡಬ್ಬಿಯಲ್ಲಿ ಏನಿದೆ, ಯಾರಿಗೆ ಎಷ್ಟು ಬಡಿಸಬೇಕು, ಯಾವ ಬಾಗಿಲಿಗೆ ಅಗುಳಿ ಹಾಕಬೇಕು ಎಂಬದೆಲ್ಲ ಆಕೆಯ ಕೈಯಲ್ಲಿರುವದು. ಬರೆಯುವ ತಂತ್ರಾಂಶ, ಲೆಕ್ಕದ ತಂತ್ರಾಂಶ, ಚಿತ್ರ ತೋರಿಸುವ ತಂತ್ರಾಂಶ ಇವೆಲ್ಲವೂ ಅತಿಥಿಗಳು. ಯಜಮಾನಿತಿ ಇಲ್ಲದ ಮನೆಯು ಹೇಗಿರುತ್ತದೆಂಬದನ್ನು ನಾನು 2019ರಿಂದ ಬಲ್ಲೆನಾದ್ದರಿಂದ ಈ ಉಪಮೆಯು ನನಗೆ ತಾನಾಗಿಯೇ ಬಂದಿತು. ಆ ಮಾತು ಮುಂದೆ ಬರುವದು.

ವಿಂಡೋಸ್ 10 ಹೊರಬಂದದ್ದು 2015ರ ಜುಲೈ 29ರಂದು. ಅದರ ಉತ್ತರಾಧಿಕಾರಿಯಾದ 11 ಬಂದದ್ದು 2021ರ ಅಕ್ಟೋಬರ್ 5ರಂದು. ಹತ್ತು ವರುಷ ದುರಸ್ತಿ ಮಾಡಿದ ಮೇಲೆ ಹಳೆಯದಕ್ಕೆ ಕೈಮುಗಿಯುವದು ಇವರ ಪದ್ಧತಿ. ಹೊಸ ವ್ಯವಸ್ಥೆಯಾದರೋ ಎಲ್ಲ ಯಂತ್ರಗಳನ್ನೂ ಒಪ್ಪಿಕೊಳ್ಳುವಂಥದಲ್ಲ. ಅದಕ್ಕೆ ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ಪು ಬೇಕು, ಕನಿಷ್ಠ 4 ಗಿಗಾಬೈಟಿನ ಸ್ಮರಣಶಕ್ತಿ ಬೇಕು, ಇಂತಿಂಥ ಪೀಳಿಗೆಯ ಪ್ರಾಸೆಸರೇ ಬೇಕು. ನನ್ನ ಯಂತ್ರವು ವಯಸ್ಸಾದದ್ದು. ಪರೀಕ್ಷೆಗೆ ಕೂಡ್ರಿಸಿದಾಗ ಅದು ಮೊದಲನೆಯ ಪ್ರಶ್ನೆಯಲ್ಲಿಯೇ ನಪಾಸಾಯಿತು. ಪುಣೆಯಲ್ಲಿರುವ ಮಗನಿಗೆ ಫೋನು ಮಾಡಿದೆ. “ಅಪ್ಪಾ, ದೀಪಾವಳಿಗೆ ಬರೂ ಮುಂದ ನಾ ಒಂದ ಹೊಸಾದು ತರ್ತೀನಿ. ಅಲ್ಲೀತನಕ ಹಳೇದರಾಗ ಬ್ಯಾಂಕಿನ ಕೆಲಸಾ ಮಾಡಬ್ಯಾಡ್ರಿ,” ಎಂದನು. ಬ್ಯಾಂಕಿನ ಚಿಂತೆ ನನಗಿರಲಿಲ್ಲ. ಪಿಂಚಣಿಯ ಲೆಕ್ಕವನ್ನು ನಾನು ಪುಸ್ತಕದಲ್ಲಿಯೇ ಬರೆದಿಡುವವನು. ಚಿಂತೆ ಇದ್ದದ್ದು ಬೇರೆ.

ಅಕ್ಟೋಬರಿನ ಮೊದಲನೆಯ ವಾರ ಬಸವನ ಬಾಗೇವಾಡಿಗೆ ಹೋಗಿದ್ದೆ. ಅಲ್ಲಿ ಝೆರಾಕ್ಸು ತೆಗೆದು, ಅರ್ಜಿ ತುಂಬಿ, ಲಗ್ನಪತ್ರಿಕೆ ಜೋಡಿಸಿ ಕೊಡುವ ಒಬ್ಬ ಹುಡುಗನ ಅಂಗಡಿಯಿದೆ; ನನ್ನ ಹಳೆಯ ವಿದ್ಯಾರ್ಥಿ. ಹೊಸ ವ್ಯವಸ್ಥೆಯ ವಿಷಯವಾಗಿ ಅಲ್ಲಿ ಆಗಲೇ ಒಂದು ಸಣ್ಣ ಸಭೆಯು ಕೂಡಿತ್ತು. ಹೊಸ ಸೊಸೆ ಬರುವ ಮುಂದೆ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಮಾತಾಡುವ ಹಾಗೆಯೇ ಆ ಸಭೆ. ಹಳೆಯದರ ಮೇಲೆ ದೂರುಗಳೆಷ್ಟೋ, ಹೊಸದರ ಮೇಲೆ ಆಸೆಗಳೂ ಅಷ್ಟೇ.

ಅಂಗಡಿಯ ಹುಡುಗನ ದೂರು ಅವನ ಹೊಟ್ಟೆಯ ಪಾಡಿಗೆ ಸಂಬಂಧಿಸಿದ್ದು. ಅವನಲ್ಲಿರುವ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ತೊಟ್ಟಿಲ ಕಾರ್ಯದ ಕಾರ್ಡು ಇವುಗಳ ಮಾದರಿಗಳೆಲ್ಲ ಹಳೆಯ ಅಕ್ಷರವಿನ್ಯಾಸದವು. ಹೊಸದರಲ್ಲಿ ಅವು ತೆರೆಯದಿದ್ದರೆ ಪ್ರತಿಯೊಂದನ್ನೂ ಮೊದಲಿನಿಂದ ಜೋಡಿಸಬೇಕು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಒಬ್ಬ ಹೆಣ್ಣುಮಗಳು, “ಹೆಸರುಗಳ್ನ ಅಕಾರಾದಿ ಮಾಡಂದ್ರ ಇದು ತಿಳಿದಂಗ ಮಾಡತೈತ್ರಿ ಗುರುಗಳ, ಬಸವ್ವ ಎಲ್ಲೋ ಸಾವಕ್ಕ ಎಲ್ಲೋ,” ಎಂದಳು. ಸ್ಪರ್ಧಾಪರೀಕ್ಷೆಗೆ ಓದುವ ತರುಣನೊಬ್ಬನಿಗೆ ‘ರ‍್ಯಾಂಕು’ ಎಂದು ಬರೆಯಲಿಕ್ಕೆ ಬಾರದು; ಅವನು ರಕಾರಕ್ಕೆ ಯಕಾರದ ಒತ್ತು ಕೊಟ್ಟರೆ ಯಂತ್ರವು ಯಕಾರಕ್ಕೆ ಅರ್ಕಾವತ್ತು ಕೊಡುವದು. “ರ‍್ಯಾಂಕು ಬರೋದು ಇರ್ಲಿ, ಬರಿಯಾಕೂ ಬರವಲ್ದು,” ಎಂದು ಅವನ ಗೆಳೆಯರು ನಕ್ಕರು. ನಡುವೆ ಕಾಣದ ಜೋಡಕವೊಂದನ್ನು ಒತ್ತಿದರೆ ಅದು ಬರುತ್ತದೆಂದು ಅಂಗಡಿಯವನು ತೋರಿಸಿಕೊಟ್ಟನು. ಆದರೆ ಆ ಗುಟ್ಟು ಎಷ್ಟು ಜನರಿಗೆ ಗೊತ್ತು?

ಇನ್ನೊಬ್ಬರು, ನನ್ನಂತೆಯೇ ನಿವೃತ್ತರು, ಬೇರೊಂದು ದೂರು ತೆಗೆದರು. ಅಳಿಸುವ ಗುಂಡಿಗಳು ಎರಡು. ಒಂದನ್ನು ಒತ್ತಿದರೆ ಇಡೀ ಸಂಯುಕ್ತಾಕ್ಷರವೇ ಮಾಯ. ಹಿಂದಕ್ಕೆ ಅಳಿಸುವ ಇನ್ನೊಂದನ್ನು ಒತ್ತಿದರೆ ಮೊದಲು ಸ್ವರದ ಗುರುತು, ಅನಂತರ ಒತ್ತು, ಹೀಗೆ ಒಂದೊಂದೇ ಕಳಚುವದು. ಇದು ತಪ್ಪೆಂದು ಅವರ ವಾದ. ನನಗಾದರೋ ಇದು ಬಹಳ ಸೊಗಸೆನಿಸಿತು. ‘ಸ್ತ್ರೀ’ ಎಂಬಲ್ಲಿ ಈಕಾರ, ರಕಾರ, ತಕಾರ, ಸಕಾರಗಳಿವೆಯೆಂದು ಹಲಗೆಯ ಮೇಲೆ ಬಿಡಿಸಿ ತೋರಿಸಲು ನಾನು ಎಷ್ಟು ಸೀಮೆಸುಣ್ಣ ಸವೆಸಿರುವೆನೋ! ಅದನ್ನು ಈ ಗುಂಡಿಯು ಪುಕ್ಕಟೆಯಾಗಿ ಕಲಿಸುತ್ತದೆ. ಒಬ್ಬರ ದೋಷವು ಇನ್ನೊಬ್ಬರ ಗುಣವಾಗುವದು ಹೀಗೆ.

ಗಣಕದ ದೋಷಕ್ಕೆ ಆಂಗ್ಲರು ‘ಬಗ್’ ಅಂದರೆ ಹುಳ ಎನ್ನುತ್ತಾರೆ. ಇದು ಬರಿಯ ರೂಪಕವಾಗಿದ್ದದ್ದು ಒಂದು ಸಲ ನಿಜವೂ ಆಯಿತು. 1947ನೆಯ ಇಸವಿಯ ಸೆಪ್ಟೆಂಬರ್ 9ರಂದು ಅಮೇರಿಕೆಯ ಹಾರ್ವರ್ಡಿನಲ್ಲಿದ್ದ ಮಾರ್ಕ್ 2 ಎಂಬ ದೊಡ್ಡ ಗಣಕಯಂತ್ರವು ಕೆಟ್ಟು ನಿಂತಿತು. ತೆರೆದು ನೋಡಿದರೆ ಒಂದು ಪತಂಗವು ಅದರೊಳಗೆ ಸಿಕ್ಕು ಸತ್ತಿತ್ತು. ಅವರು ಅದನ್ನು ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ಹುಳ ನಿಜವಾಗಿ ಸಿಕ್ಕ ಮೊದಲ ಪ್ರಸಂಗವಿದೆಂದು ವಿನೋದವಾಗಿ ಬರೆದಿಟ್ಟರು. ಆ ಪುಸ್ತಕವೂ ಪತಂಗವೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇವೆ. ಎಂಥ ಪುಣ್ಯವಂತ ಪತಂಗ! ನಮ್ಮ ಪಡಸಾಲೆಯ ದೀಪಕ್ಕೆ ಬಿದ್ದು ಸಾಯುವವುಗಳ ಹೆಸರನ್ನು ಯಾರು ಬರೆದಿಡುತ್ತಾರೆ?

ಅಂಗಡಿಯಿಂದ ಮರಳಿ ಬರುವಾಗ ಬಸ್ಸಿನಲ್ಲಿ ಕುಳಿತು ಈ ದೂರುಗಳನ್ನೆಲ್ಲ ಮನಸ್ಸಿನಲ್ಲಿ ಹೊರಳಿಸುತ್ತಿದ್ದಾಗ ನನಗೆ ಕಾತ್ಯಾಯನನ ನೆನಪಾಯಿತು. ಪಾಣಿನಿಯು ಸುಮಾರು 4000 ಸೂತ್ರಗಳಲ್ಲಿ ಸಂಸ್ಕೃತ ಭಾಷೆಯನ್ನು ಕಟ್ಟಿ ನಿಲ್ಲಿಸಿದನು. ಅದಕ್ಕಿಂತ ಬಿಗಿಯಾದ ಕಟ್ಟಡವು ಶಾಸ್ತ್ರಗಳಲ್ಲಿಯೇ ಅಪರೂಪ. ಆದರೂ ಅವನ ತರುವಾಯ ಬಂದ ಕಾತ್ಯಾಯನನು ಸುಮ್ಮನಿರಲಿಲ್ಲ. ಸೂತ್ರಗಳ ಮೇಲೆ ವಾರ್ತಿಕಗಳನ್ನು ಬರೆದನು. ವಾರ್ತಿಕವೆಂದರೆ ಉಕ್ತ, ಅನುಕ್ತ, ದುರುಕ್ತ ಈ ಮೂರರ ವಿಚಾರ. ಹೇಳಿದ್ದು ಸರಿಯೇ, ಹೇಳದೆ ಬಿಟ್ಟದ್ದೇನು, ಕೆಟ್ಟದಾಗಿ ಹೇಳಿದ್ದೇನು? ಆ ಅಂಗಡಿಯಲ್ಲಿ ನಡೆದದ್ದು ಇದೇ ಅಲ್ಲವೆ? ಸಂಘದ ಹೆಣ್ಣುಮಗಳು ದುರುಕ್ತವನ್ನು ಹೇಳಿದಳು. ರ‍್ಯಾಂಕಿನ ತರುಣನು ಅನುಕ್ತವನ್ನು ಹೇಳಿದನು. ದೂರುವವರಿಗೆ ಆ ವಸ್ತುವಿನ ಮೇಲೆ ದ್ವೇಷವಿದೆಯೆಂದು ತಿಳಿಯಬಾರದು. ದಿನಾಲು ಬಳಸುವವನಲ್ಲದೆ ಇಷ್ಟು ಸೂಕ್ಷ್ಮವಾಗಿ ಯಾರು ದೂರಬಲ್ಲರು?

ಕನ್ನಡದ ಮಟ್ಟಿಗೆ ಈ ವಾರ್ತಿಕಕಾರರು ಎಷ್ಟೋ ಕೆಲಸ ಮಾಡಿದ್ದಾರೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಗೊತ್ತುಮಾಡುವ ಯುನಿಕೋಡ್ ಎಂಬ ಸಂಕೇತಪದ್ಧತಿಯು 1991ರಲ್ಲಿ ಮೊದಲು ಪ್ರಕಟವಾದಾಗ ಕನ್ನಡಕ್ಕೂ 128 ಮನೆಗಳ ಒಂದು ಓಣಿಯನ್ನು ಕೊಟ್ಟಿತು. ಆದರೆ ಆ ಓಣಿಯಲ್ಲಿ ಅವಗ್ರಹಕ್ಕೆ ಮನೆಯಿರಲಿಲ್ಲ. ಸಂಸ್ಕೃತ ಶ್ಲೋಕವನ್ನು ಕನ್ನಡ ಲಿಪಿಯಲ್ಲಿ ಬರೆಯುವವನು ‘ಸೋಽಹಂ’ ಎಂಬದನ್ನು ಬರೆಯುವದು ಹೇಗೆ? 2003ರಲ್ಲಿ ಅದಕ್ಕೆ ಸ್ಥಳ ದೊರೆಯಿತು. ಹಳಗನ್ನಡದ ನಕಾರ ಪೊಲ್ಲಿಗೆ 2021ರಲ್ಲಿ ದೊರೆಯಿತು. ಪ್ರತಿಯೊಂದರ ಹಿಂದೆಯೂ ‘ಇಲ್ಲೊಂದು ಕೊರತೆಯಿದೆ’ ಎಂದು ಅರ್ಜಿ ಬರೆದ ಯಾರೋ ಇದ್ದಾರೆ.

ಆದರೆ ತಿದ್ದಲು ಬಾರದ ತಪ್ಪೂ ಒಂದುಂಟು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವರಿಸಿದ ರಳ, ಅಂದರೆ ‘ೞ’ ಎಂಬ ಹಳಗನ್ನಡದ ಅಕ್ಷರವು ಆ ಪದ್ಧತಿಯಲ್ಲಿ ‘ಫ’ ಎಂಬ ಹೆಸರಿನಿಂದ ದಾಖಲಾಗಿ ಹೋಯಿತು! ಎಲ್ಲಿಯ ರಳ, ಎಲ್ಲಿಯ ಫಕಾರ! ತಪ್ಪು ಗೊತ್ತಾದಾಗ ಕಾಲ ಮೀರಿತ್ತು; ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬದು ಅವರ ಕಟ್ಟಳೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವೆಂದು ಬರೆದಿದ್ದಾರೆ. ಸಾಲೆಯ ದಾಖಲೆಯಲ್ಲಿ ಹುಟ್ಟಿದ ತಾರೀಖು ತಪ್ಪಾಗಿ ಬಿದ್ದವರ ಸಂಕಟವನ್ನು ಕಂಡ ನನಗೆ ಆ ಅಕ್ಷರದ ಮೇಲೆ ಕನಿಕರ ಹುಟ್ಟುತ್ತದೆ.

2018ರ ಫೆಬ್ರುವರಿಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ತೆಲುಗಿನ ಒಂದು ಅಕ್ಷರಗುಚ್ಛವು ಆಪಲ್ ಕಂಪನಿಯ ಫೋನಿನ ಪರದೆಗೆ ಬಂದರೆ ಸಾಕು, ಅದನ್ನು ತೋರಿಸಲು ಹೋದ ತಂತ್ರಾಂಶವು ಮೂರ್ಛೆ ಹೋಗುತ್ತಿತ್ತು. ಆ ಅಕ್ಷರ ಯಾವದೆನ್ನುತ್ತೀರಿ? ಜ್ಞಾನದ ‘ಜ್ಞಾ’! ಜಕಾರ, ಞಕಾರಗಳ ಸಂಯುಕ್ತಾಕ್ಷರದ ಸಂಗಡ ಒಂದು ಕಾಣದ ಚಿಹ್ನೆ ಸೇರಿಕೊಂಡು ಅನರ್ಥವಾಗಿತ್ತು. ಜನರ ಕೂಗು ಎದ್ದಿತು. ಅದೇ ತಿಂಗಳಿನ 19ರಂದು ಹೊಸ ಆವೃತ್ತಿಯನ್ನು ಹೊರಡಿಸಿ ಅದನ್ನು ಸರಿಪಡಿಸಿದರು. ‘ಜ್ಞ’ವನ್ನು ಉಚ್ಚರಿಸಲಾರದೆ ಮೂರ್ಛೆ ಹೋಗುವಂಥ ಹುಡುಗರನ್ನು ನಾನೂ ವರುಷಕ್ಕೆ ನಾಲ್ವರನ್ನು ಕಂಡಿದ್ದೇನೆ. ಅವರನ್ನು ಸರಿಪಡಿಸಲು ನನಗೆ ಇನ್ನೂ ಹೆಚ್ಚು ದಿನಗಳು ಹಿಡಿಯುತ್ತಿದ್ದವು.

ಅದಿರಲಿ. ನನ್ನ ಚಿಂತೆಯ ವಿಷಯಕ್ಕೆ ಬರುತ್ತೇನೆ.

ನನ್ನ ಹೆಂಡತಿಯ ತವರು ತಾಳಿಕೋಟಿಯ ಕಡೆಗೆ. ಆಕೆ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಆಕೆಯ ತಾಯಿ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಹಾಡುಗಳು ಆಕೆಗೆ ಬಾಯಿಗೆ ಬರುತ್ತಿದ್ದವು. ನಮ್ಮ ಮನೆಗೆ ಬರುವಷ್ಟರಲ್ಲಿ ಊರಿಗೆ ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿತ್ತು. ಆದರೆ ಹಾಡು ನಿಲ್ಲಲಿಲ್ಲ. ರೊಟ್ಟಿ ಬಡಿಯುವಾಗ, ಶೇಂಗಾ ಸುಲಿಯುವಾಗ, ಮಗುವನ್ನು ಮಲಗಿಸುವಾಗ ಹಾಡುತ್ತಿದ್ದಳು. ಮರೆತು ಹೋದಾವೆಂದು ಮಗನ ಹಳೆಯ ನೋಟುಬುಕ್ಕುಗಳ ಉಳಿದ ಹಾಳೆಗಳಲ್ಲಿ ದಪ್ಪ ದಪ್ಪ ಅಕ್ಷರಗಳಿಂದ ಬರೆದಿಟ್ಟಳು. ಮೂರು ಪುಸ್ತಕ, 212 ಹಾಡು. 2007ರಲ್ಲಿ ನಾನು ಮೊದಲನೆಯ ಗಣಕಯಂತ್ರವನ್ನು ಕೊಂಡಾಗ ಬೆರಳಚ್ಚು ಕಲಿಯಲು ಏನಾದರೊಂದು ಬೇಕಾಗಿತ್ತು. ಆ ಮೂರು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಒಂದು ಬೇಸಿಗೆಯ ರಜೆಯಲ್ಲಿ ಎಲ್ಲವನ್ನೂ ಹೊಡೆದು ಮುಗಿಸಿದೆನು. ಆಕೆ ಚಹ ತಂದು ಕೊಟ್ಟು ಹಿಂದೆ ನಿಂತು ನೋಡುತ್ತಿದ್ದಳು.

ಮುಂದೆ ಕೆಲ ವರುಷಗಳಲ್ಲಿ ಮಾಡಿನ ಪೆಟ್ಟಿಗೆಗೆ ಗೆದ್ದಲು ಹತ್ತಿ ಆ ಪುಸ್ತಕಗಳು ಮಣ್ಣಾದವು. ಆಗ ನಾನು ದೊಡ್ಡಸ್ತಿಕೆಯಿಂದ, “ಚಿಂತಿ ಮಾಡಬ್ಯಾಡ, ಎಲ್ಲಾ ಗಣಕದಾಗ ಅದಾವು,” ಎಂದಿದ್ದೆನು. 2019ರಲ್ಲಿ ಆಕೆಯೂ ಹೋದಳು. ಆಕೆಯ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಉಳಿದದ್ದು ಆ ಕಡತವೊಂದೇ.

ಆ ಕಡತವು ಹಳೆಯ ಅಕ್ಷರವಿನ್ಯಾಸದಲ್ಲಿತ್ತು. ಇದರ ಮರ್ಮವನ್ನು ಎರಡು ಮಾತಿನಲ್ಲಿ ಹೇಳಬೇಕು. ಯುನಿಕೋಡ್ ಬಳಕೆಗೆ ಬರುವ ಮೊದಲು ಗಣಕದಲ್ಲಿ ಅಕ್ಷರಗಳಿಗೆ ಇದ್ದ ಮನೆಗಳು ಒಟ್ಟು 256. ಅವುಗಳಲ್ಲಿ ಆಂಗ್ಲ ಹಾಗೂ ಇತರ ಯುರೋಪಿನ ಅಕ್ಷರಗಳು ಆಗಲೇ ವಾಸವಾಗಿದ್ದವು. ನಮ್ಮವರು ಅದೇ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಾಡಿಗೆಗೆ ಇಟ್ಟರು. ಒಳಗಿನ ಸಂಖ್ಯೆ ಪರಕೀಯ, ಹೊರಗಿನ ರೂಪ ಕನ್ನಡ. ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿ ಹೊತ್ತಾಗ ಅವನು ಅರ್ಜುನ. ಕಳಚಿಟ್ಟರೆ ನಮ್ಮ ಓಣಿಯ ಒಕ್ಕಲಿಗ. ಹಾಗೆಯೇ ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ‘ಕನ್ನಡ’ ಎಂಬ ಶಬ್ದವೇ ಆಂಗ್ಲರ ‘ಪಿ’ಯಿಂದ ಆರಂಭವಾಗಿ, ನಡುವೆ ಇಂಗ್ಲಂಡಿನ ಪೌಂಡು ನಾಣ್ಯದ ಗುರುತನ್ನು ಹೊತ್ತು ನಿಲ್ಲುತ್ತದೆ. ಇದನ್ನು ಮಾಡಿದವರನ್ನು ನಾನು ಹಳಿಯಲಾರೆ. ಅವರು ಅಂದು ಆ ಉಪಾಯ ಹೂಡದಿದ್ದರೆ ಎಷ್ಟೋ ವರುಷ ಗಣಕದಲ್ಲಿ ಕನ್ನಡವೇ ಇರುತ್ತಿದ್ದಿಲ್ಲ. ವಿಂಡೋಸಿನಲ್ಲಿಯೇ ಕನ್ನಡಕ್ಕೆ ಸ್ವಂತದ ಮನೆ ದೊರೆತದ್ದು 2001ರ ಎಕ್ಸ್‌ಪಿ ಬಂದಾಗ. ಅದರ ಸಂಗಡ ಬಂದ ಕನ್ನಡ ಫಾಂಟಿನ ಹೆಸರು ನಮ್ಮ ನದಿಯದು, ತುಂಗಾ.

ನಮ್ಮೂರಿನ ವಚನ ಶಿಲಾ ಮಂಟಪದಲ್ಲಿ ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ. ಸಂಜೆಯ ಹೊತ್ತು ನಾನು ಅಲ್ಲಿಗೆ ಹೋಗಿ ಕೂಡ್ರುತ್ತೇನೆ. ಆ ಅಕ್ಟೋಬರಿನಲ್ಲಿ ಹೋದಾಗಲೆಲ್ಲ, ಈ ಕಲ್ಲುಗಳಿಗೆ ಯಾವ ನೋಟೀಸೂ ಬರಲಿಕ್ಕಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದೆನು. ಆದರೆ ಇವೇ ವಚನಗಳು ಕಲ್ಲಿಗೆ ಬರುವ ಮೊದಲು ತಾಡವೋಲೆಯಲ್ಲಿದ್ದವು. ಓಲೆಯಿಂದ ಅಚ್ಚಿಗೆ ಬರಲು ವಿಜಾಪುರದ ಫ. ಗು. ಹಳಕಟ್ಟಿಯವರು ಜೀವ ತೇಯಬೇಕಾಯಿತು. ಮನೆಮನೆ ಮಠಮಠ ತಿರುಗಿ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಓಲೆಯನ್ನು ಓದಬಲ್ಲವರೂ ವಚನವನ್ನು ಬಲ್ಲವರೂ ಒಂದೇ ತಲೆಯಲ್ಲಿ ಕೂಡಿದ್ದರಿಂದ ಆ ಕೆಲಸವಾಯಿತು. ಒಂದರಿಂದ ಇನ್ನೊಂದಕ್ಕೆ ಇಳಿಸುವಾಗ ಅಕ್ಷರವನ್ನಷ್ಟೇ ಬಲ್ಲವನು ಸಾಲನು.

ದೀಪಾವಳಿಗೆ ಮಗ ಬಂದನು. ಹೊಸ ಯಂತ್ರವನ್ನು ತಂದನು. ಹಳೆಯ ಸಂಕೇತವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿಯೇ ದೊರೆಯುತ್ತವೆ. ಬಲಿಪಾಡ್ಯದ ದಿನ ಮಧ್ಯಾಹ್ನ ಅವುಗಳಲ್ಲೊಂದರ ಬಾಯಿಗೆ 212 ಹಾಡುಗಳನ್ನೂ ಹಾಕಿದನು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲವೂ ಅಚ್ಚಗನ್ನಡವಾಗಿ ಎದುರಿಗೆ ನಿಂತವು. ನನ್ನ ಕಣ್ಣಲ್ಲಿ ನೀರು ಬಂದಿತೆಂದು ಹೇಳಲು ನಾಚುವದಿಲ್ಲ.

ಅನಂತರ ಓದತೊಡಗಿದೆನು. ಮೂರನೆಯ ಹಾಡಿನಲ್ಲಿಯೇ ಶಿವನ ಎಡತೊಡೆಯ ಮೇಲೆ ‘ಪಾವತಿ’ ಕುಳಿತಿದ್ದಳು!

ಪಾರ್ವತಿಯು ಪಾವತಿಯಾದದ್ದು ಹೀಗೆ. ‘ರ್ವ’ ಎಂಬಲ್ಲಿ ಕಿವಿಗೆ ಮೊದಲು ಕೇಳುವದು ರಕಾರ. ಕೈ ಮೊದಲು ಬರೆಯುವದು ವಕಾರ, ಅರ್ಕಾವತ್ತು ಆಮೇಲೆ. ಹಳೆಯ ವಿನ್ಯಾಸವು ಕೈಯ ಕ್ರಮವನ್ನು ಅನುಸರಿಸುತ್ತಿತ್ತು. ಯುನಿಕೋಡ್ ಕಿವಿಯ ಕ್ರಮವನ್ನು ಅನುಸರಿಸುತ್ತದೆ. ಶಿಕ್ಷಾಶಾಸ್ತ್ರವನ್ನು ಓದಿದ ನನಗೆ ಇದೇ ಸರಿಯೆಂದು ತೋರುವದು. ಪರಿವರ್ತಕವು ಅರ್ಕಾವತ್ತನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ತಂದು ಕೂಡ್ರಿಸಬೇಕು. ಈ ಪರಿವರ್ತಕವು ಎತ್ತಿತು, ಕೂಡ್ರಿಸಲು ಮರೆಯಿತು. ಒತ್ತಿಗೆ ಒತ್ತು ಬಂದಲ್ಲಿಯೂ ಅದೇ ಗತಿ. ‘ಲಕ್ಷ್ಮಿ’ ಎಲ್ಲಾ ಕಡೆಗೆ ‘ಲಕ್ಷಿ’ಯಾಗಿದ್ದಳು. ಮಗನು ನಕ್ಕು, “ಹುಡುಕಿ ಒಮ್ಮೆಲೇ ಬದಲಿ ಮಾಡೋಣ್ರಿ ಅಪ್ಪಾ,” ಎಂದನು. ಬೇಡವೆಂದೆನು. ಕೆಲವು ಕಡೆಗೆ ಸಾಲಿನ ನಡುವಿನ ಶಬ್ದವೇ ಅರಿಯದಂತಾಗಿತ್ತು. ಒಂದೊಂದನ್ನೂ ಹಾಡಿ ನೋಡಿ ತಿದ್ದಬೇಕೆಂದು ನನ್ನ ಹಟ.

ಆದರೆ ಹಾಡುವವರಾರು? ನನಗೆ ಶ್ಲೋಕ ಹೇಳಲು ಬರುವದು, ಬೀಸುವ ಪದ ಹಾಡಲು ಬಾರದು. ಕೊನೆಗೆ ಆಕೆಯ ಅಕ್ಕನಿಗೆ ಫೋನು ಹಚ್ಚಿದೆನು. ಎಪ್ಪತ್ತು ದಾಟಿದ ಮುದುಕಿ, ತಾಳಿಕೋಟಿಯ ಹತ್ತಿರದ ತಮ್ಮ ಹೊಲದ ಮನೆಯಲ್ಲಿರುವರು. ನಾನು ಒಂದು ಹಾಡನ್ನು ಓದಿದೆನು. ‘ಪಾವತಿ’ಯನ್ನು ತಿದ್ದಿ ‘ಪಾರ್ವತಿ’ ಎಂದೇ ಓದಿದೆನು. ಅತ್ತ ಕಡೆಗೆ ಸ್ವಲ್ಪ ಹೊತ್ತು ಮಾತಿಲ್ಲ.

“ಮಾಸ್ತರ, ಇದು ನಮ್ಮವ್ವನ ಹಾಡಲ್ರಿ.”

“ಅಲ್ಲೇನ್ರಿ ಅಕ್ಕಾರ? ನಿಮ್ಮ ತಂಗೀನೇ ಬರದಾಳ.”

“ಹಾಡು ಅದಽ ಐತಿ, ಮಾತು ನಿಮ್ಮದೈತಿ. ಪಾರ್ವತಿ ಅನ್ನಾಕ ನಮಗ ನಾಲಿಗಿ ಹೊಳ್ಳತಿತ್ತೇನ್ರಿ? ನಾವು ಪಾರೋತಿ ಅಂತೀವಿ. ಅಕೀನೂ ಪಾರೋತಿ ಅಂತಾನಽ ಅಂತಿದ್ಲು.” ಎಂದು ಹೇಳಿ ಹಾಡಿ ತೋರಿಸಿದರು.

ಹಾಡಿದಾಗ ನನಗೆ ತಿಳಿಯಿತು. ‘ಪಾರ್ವತಿ’ ಎಂದಲ್ಲಿ ಕುಂಟುವ ಸಾಲು ‘ಪಾರೋತಿ’ ಎಂದಲ್ಲಿ ಕಲ್ಲಿನ ಒಂದು ಸುತ್ತನ್ನು ಪೂರೈಸಿ ಬಂದು ನಿಲ್ಲುತ್ತದೆ. 2007ರ ಬೇಸಿಗೆಯು ಕಣ್ಣಿಗೆ ಕಟ್ಟಿತು. ನೋಟುಬುಕ್ಕಿನಲ್ಲಿ ದಪ್ಪ ಅಕ್ಷರಗಳಲ್ಲಿ ಇದ್ದದ್ದು ಪಾರೋತಿಯೇ. ಸರಸೋತಿ, ಲಕುಮಿ, ಬರಮ ಇದ್ದವು. ನಾನೇ ಅವನ್ನು ಹುಡುಗರ ಉತ್ತರಪತ್ರಿಕೆಯಂತೆ ಭಾವಿಸಿ, ಬೆರಳಚ್ಚು ಮಾಡುತ್ತ ಮಾಡುತ್ತ, ಪಾರ್ವತಿ, ಸರಸ್ವತಿ, ಲಕ್ಷ್ಮಿ, ಬ್ರಹ್ಮ ಎಂದು ತಿದ್ದಿ ಹೊಡೆದಿದ್ದೆನು. ಆಕೆ ಒಮ್ಮೆ ಪರದೆಯ ಮೇಲೆ ಬೆರಳಿಟ್ಟು, “ಇಲ್ಲಿ ನಾ ಹಿಂಗ ಬರದಿದ್ದಿಲ್ಲಲ್ರಿ?” ಎಂದದ್ದೂ ನೆನಪಾಯಿತು. ನಾನು ಧಾತು ಪ್ರತ್ಯಯಗಳನ್ನು ಹೇಳಿರಬೇಕು. “ಹಂಗಾರ ನೀವು ಬರದದ್ದಽ ಖರೆ ಇರತೈತಿ ಬಿಡ್ರಿ, ನಾವೇನು ಸಾಲಿ ಕಲ್ತವರು,” ಎಂದು ಚಹದ ಬಟ್ಟಲನ್ನು ತೆಗೆದುಕೊಂಡು ಒಳಗೆ ಹೋದಳು.

ಪರಿವರ್ತಕವು ಕೆಡಿಸಿದ ಶಬ್ದಗಳನ್ನೆಲ್ಲ ಒಂದು ಹಾಳೆಯ ಮೇಲೆ ಪಟ್ಟಿ ಮಾಡಿದೆನು. ಅರ್ಕಾವತ್ತಿನವು, ಒತ್ತಿಗೆ ಒತ್ತಿನವು. ಅವುಗಳಲ್ಲಿ ಬಹಳಷ್ಟು ಆಕೆಯವಲ್ಲ, ನನ್ನವು. ಆಕೆಯ ಪಾರೋತಿಗೆ ಅರ್ಕಾವತ್ತೇ ಇರಲಿಲ್ಲ. ಲಕುಮಿಗೆ ಒತ್ತೇ ಇರಲಿಲ್ಲ. ಬಿಟ್ಟಿದ್ದರೆ ಅವರು ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ನೆಟ್ಟಗೆ ನಡೆದು ಬರುತ್ತಿದ್ದರು.

ಅಂದಿನಿಂದ ದಿನಾಲು ಸಂಜೆಗೆ ಅಕ್ಕನವರು ಫೋನಿನಲ್ಲಿ ಹಾಡುತ್ತಾರೆ. ಈ ಸಲ ಫೋನಿನಲ್ಲಿ ದನಿಯನ್ನೂ ಹಿಡಿದಿಡುತ್ತಿದ್ದೇನೆ. ಅವರಿಗೆ ಎಲ್ಲ ಹಾಡುಗಳೂ ಬರುವದಿಲ್ಲ. ಕೆಲವನ್ನು ತಂಗಿಯೇ ಕಟ್ಟಿರಬೇಕೆನ್ನುತ್ತಾರೆ. ಅಂಥವುಗಳಲ್ಲಿ ಯಾವದು ಆಕೆಯ ಮಾತು, ಯಾವದು ನನ್ನ ತಿದ್ದುಪಡಿ ಎಂಬದನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ. ಅವನ್ನು ಇದ್ದ ಹಾಗೆಯೇ ಇಟ್ಟು, ಪಕ್ಕದಲ್ಲಿ ಒಂದು ಹಂಸಪಾದವನ್ನು ಹಾಕುತ್ತಿದ್ದೇನೆ.

ನಿನ್ನೆ ಸಂಜೆಗೆ ತೊಂಬತ್ತೈದನೆಯ ಹಾಡು ಮುಗಿಯಿತು. ‘ಸರಸೋತಿ’ ಎಂದು ಬರೆದ ಕೂಡಲೆ ಹೊಸ ಯಂತ್ರವು ಅದರ ಕೆಳಗೆ ಡೊಂಕಾದ ಒಂದು ಕೆಂಪು ಗೆರೆಯನ್ನು ಎಳೆಯಿತು. ತಪ್ಪೆಂದು ಅದರ ಅಭಿಪ್ರಾಯ. ಬಲಗೈಯ ಬೆರಳು ತಾನಾಗಿಯೇ ಅಳಿಸುವ ಗುಂಡಿಯ ಕಡೆಗೆ ಹೋಗಿತ್ತು. ತಡೆದೆನು. ಅತ್ತ ಅಕ್ಕನವರು, “ಬರಕೊಂಡ್ರೇನ್ರಿ ಮಾಸ್ತರ? ಹೆಂಚಿನ ಮ್ಯಾಲೆ ರೊಟ್ಟಿ ಹೊತ್ತಾಕ್ಹತ್ಯಾವು,” ಎಂದರು. ಬರೆದುಕೊಂಡೆನೆಂದು ಹೇಳಿ ಮುಂದಿನ ಸಾಲಿಗೆ ಹೋದೆನು.